ಬಲಗಾಲಿನದು ಎಲ್ಲಿ?

ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಪೊಲೀಸ್ ಠಾಣೆಯ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿಗೆ ಮೂರನೆಯ ಹಲಗೆ ಹೊಡೆಸಲಾಯಿತು. ಮುಂದೆ ಯಾರಾದರೂ ಈ ಊರಿನ ಚರಿತ್ರೆ ಬರೆಯುವುದಾದರೆ, ಕೋಟೆ ಬಿದ್ದ ವರ್ಷ, ಕೆರೆ ಕಟ್ಟಿದ ವರ್ಷ ಇವುಗಳ ಸಾಲಿನಲ್ಲಿ ಈ ಹಲಗೆಗೂ ಒಂದು ಪ್ಯಾರಾ ಮೀಸಲಿಡಬೇಕೆಂದು ನನ್ನ ವಿನಂತಿ. ಹಲಗೆ ಹಲಸಿನದು. ಮೊಳೆ ಏಳು. ಎಂಟನೆಯದು ಹೊಡೆಯುವಾಗ ಬಾಗಿತು. ಬಡಗಿ ಅದನ್ನು ಹಾಗೆಯೇ ಬಿಟ್ಟುಹೋಗಿದ್ದಾನೆ. ನಾನು ಈ ಠಾಣೆಯ ರೈಟರ್. ಆ ಪದ ಕೇಳಿ ಮೋಸಹೋಗಬೇಡಿ; ಕಥೆ ಕವನದವನಲ್ಲ, ದೂರು, ಹೇಳಿಕೆ, ಪಂಚನಾಮೆ ಬರೆದುಕೊಳ್ಳುವ ಹೆಡ್ ಕಾನ್ಸ್‌ಟೇಬಲ್. ಇಪ್ಪತ್ತಾರು ವರ್ಷ ಬೇರೆಯವರು ಹೇಳಿದ್ದನ್ನು ಬರೆದವನು ಈಗ ನನ್ನದನ್ನೇ ಬರೆಯುತ್ತಿರುವುದರಿಂದ ಕೈ ಸ್ವಲ್ಪ ತಡವರಿಸುತ್ತಿದೆ.

ನಮ್ಮ ಊರಿನಲ್ಲಿ ಯಾರನ್ನಾದರೂ ಕೊಂದರೆ, ಸತ್ತವರ ಚಪ್ಪಲಿ ಕೊಂದವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಎತ್ತಿ ಎಸೆದರೆ ಮರುದಿನ ಮತ್ತೆ ಬರುತ್ತದೆ. ಪೊಲೀಸರು ಪಂಚನಾಮೆ ಮಾಡಿ ಠಾಣೆಗೆ ತಂದ ಮೇಲೆಯೇ ಸುಮ್ಮನಾಗುವುದು. ಯಾರಾದರೂ ನೋಡುತ್ತಿದ್ದರೆ ಮಾತ್ರ ಹೊರಡುವುದಿಲ್ಲ. ಹಿಂದೊಮ್ಮೆ ನಮ್ಮ ಕಾನ್ಸ್‌ಟೇಬಲ್ ಒಬ್ಬ ಒಂದು ಜೊತೆ ಹವಾಯಿ ಚಪ್ಪಲಿಯ ಮುಂದೆ ಎರಡು ದಿನ ಕದಲದೆ ಕೂತಿದ್ದ. ಮೂತ್ರಕ್ಕೆ ಎದ್ದು ಬರುವಷ್ಟರಲ್ಲಿ ಅದು ಸತ್ತವನ ಅಣ್ಣನ ಮನೆ ತಲುಪಿತ್ತು. ಊರಿನವರು ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಹೆಣ್ಣು ನೋಡಲು ಹೋದವರು ಮೊದಲು ಬಾಗಿಲಲ್ಲಿರುವ ಚಪ್ಪಲಿ ಎಣಿಸಿ, ಒಳಗಿರುವ ತಲೆ ಎಣಿಸಿ, ತಾಳೆಯಾದರೆ ಮಾತ್ರ ಉಪ್ಪಿಟ್ಟಿಗೆ ಕೈ ಹಾಕುತ್ತಾರೆ. ಡಾಕ್ಟರು ತಮ್ಮ ಕ್ಲಿನಿಕ್ಕಿನ ಮೆಟ್ಟಿಲನ್ನು ಬೆಳಿಗ್ಗೆ ತಾವೇ ಗುಡಿಸುತ್ತಾರೆ. ಗಂಡ ಹೆಂಡತಿಯ ಜಗಳ ಒಂದು ಮಟ್ಟ ಮೀರಿದರೆ ಹೆಂಡತಿ ಒಂದು ನಿಮಿಷ ಒಳಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು ಬಂದು, ಮಾತು ಮುಂದುವರಿಸುತ್ತಾಳೆ.

ಇಂಥ ಊರಿನಲ್ಲಿ ಚಪ್ಪಲಿ ಕದಿಯುವವನನ್ನು ಹೇಗೆ ಕಾಣುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೊಲೆ ಮಾಡಿದವನು ಶಿಕ್ಷೆ ಮುಗಿಸಿ ಬಂದರೆ ಮದುವೆಗೆ ಕರೆಯುತ್ತಾರೆ, ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಬಡಿಸುತ್ತಾರೆ. ಚಪ್ಪಲಿ ಕಳ್ಳನ ಮನೆಯ ತಿಥಿ ಊಟಕ್ಕೂ ಯಾರೂ ಹೋಗುವುದಿಲ್ಲ.

ಈ ಮಾಘದಲ್ಲಿ ಕೆಲವರಿಗೆ ಕಾರ್ಡು ಬರಲು ಶುರುವಾಯಿತು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ನಾಲ್ಕು ಮೂಲೆಗೂ ಅರಿಸಿನ. ಮೊದಲನೆಯದು ಹಾಲು ಹಾಕುವ ಸಿದ್ದಯ್ಯನಿಗೆ. ‘ಹಾಲಿಗೆ ನೀರು ಬೆರೆಸುತ್ತಿರುವ ತಮ್ಮ ಜೀವಿತವನ್ನು ಬರುವ ಗುರುವಾರದೊಳಗೆ ಮುಕ್ತಾಯಗೊಳಿಸಲು ನಿಶ್ಚಯಿಸಲಾಗಿರುತ್ತದೆ. ಇಂತಿ, ಊರಿನ ಹಿತೈಷಿಗಳು. ಉಡುಗೊರೆ ತರಬಾರದಾಗಿ ವಿನಂತಿ.’ ಸಿದ್ದಯ್ಯ ತಮಾಷೆಯೆಂದುಕೊಂಡು ಅದನ್ನು ಹಾಲಿನ ಕ್ಯಾನಿಗೆ ಸಿಕ್ಕಿಸಿ ಊರೆಲ್ಲ ತೋರಿಸಿಕೊಂಡು ಬಂದ. ಬುಧವಾರ ಅವನ ಮನೆಗೆ ಯಾರೋ ಬಾದಾಮಿ ಹಲ್ವಾ ಕಳಿಸಿದರು. ಗುರುವಾರ ಸಿದ್ದಯ್ಯ ಇರಲಿಲ್ಲ. ಎರಡನೆಯ ಕಾರ್ಡು ಪಕ್ಕದ ಮನೆಯ ಕಾಂಪೌಂಡಿಗೆ ಕಸ ಎಸೆಯುತ್ತಿದ್ದ ನಿವೃತ್ತ ಗುಮಾಸ್ತರೊಬ್ಬರಿಗೆ. ಅವರು ಜಾಣರು, ಹಲ್ವಾ ಮುಟ್ಟಲಿಲ್ಲ. ಮೈಸೂರು ಪಾಕು ಬಂತು. ಮೂರನೆಯದು ಟೈಲರ್ ಪುಟ್ಟಮಾದಪ್ಪನಿಗೆ, ಹೇಳಿದ ದಿನಕ್ಕೆ ಬಟ್ಟೆ ಕೊಡದ ಅಪರಾಧಕ್ಕಾಗಿ. ಅವನು ಯಾವ ಸಿಹಿಯನ್ನೂ ಮುಟ್ಟುವುದಿಲ್ಲವೆಂದು ಹೆಂಡತಿ ಕೆಂಪಮ್ಮನ ತಲೆ ಮುಟ್ಟಿ ಆಣೆ ಇಟ್ಟಿದ್ದ. ಆದರೆ ಬಂದ ಡಬ್ಬಿಯ ಮೇಲೆ ‘ಬ್ಲೌಸು ಬಹಳ ಚೆನ್ನಾಗಿ ಕೂತಿದೆ, ಧನ್ಯವಾದಗಳು’ ಎಂಬ ಚೀಟಿ ಇತ್ತು. ಮೂವತ್ತು ವರ್ಷದ ವೃತ್ತಿಯಲ್ಲಿ ಅಂಥ ಮಾತು ಕೇಳಿರದ ಮನುಷ್ಯ ಆ ಸಂತೋಷಕ್ಕೆ ಎರಡು ತುಂಡು ತಿಂದ.

ಊರು ಶೋಕಸಾಗರದಲ್ಲಿ ಮುಳುಗಿತು ಎಂದು ಬರೆಯಲು ನನಗೂ ಇಷ್ಟ. ಆದರೆ ಆದದ್ದು ಬೇರೆ. ಹಾಲು ಗಟ್ಟಿಯಾಯಿತು. ಕಾಂಪೌಂಡುಗಳು ಚೊಕ್ಕಟವಾದವು. ಹೋಟೆಲಿನಲ್ಲಿ ನನ್ನ ಎದುರೇ ಕೂತವರು, “ಯಾರೋ ಪುಣ್ಯಾತ್ಮರು, ಪೊಲೀಸ್ನೋರು ಮಾಡ್ದೇ ಇರೋ ಕೆಲ್ಸ ಮಾಡ್ತಿದಾರೆ ಬಿಡಿ” ಎಂದು ಕಾಫಿ ಹೀರಿದರು; ಕಾಫಿ ನಿಜವಾಗಿಯೂ ಚೆನ್ನಾಗಿತ್ತು. ಟೈಲರ್ ಸತ್ತಾಗ ಮಾತ್ರ ಸ್ವಲ್ಪ ಕಸಿವಿಸಿಯಾಯಿತು, ಏಕೆಂದರೆ ಅನೇಕ ಮನೆಗಳ ಬ್ಲೌಸ್ ಪೀಸು ಅವನ ಅಂಗಡಿಯೊಳಗೇ ಉಳಿದುಬಿಟ್ಟಿತ್ತು.

ಮೂವರ ಚಪ್ಪಲಿಗಳೂ ಮನೆಯಿಂದ ಹೊರಟುಹೋಗಿದ್ದವು. ಎಲ್ಲಿ ನಿಂತಿವೆ ಎಂದು ಮಾತ್ರ ಪತ್ತೆಯಿಲ್ಲ. ನಮ್ಮ ಇಲಾಖೆಗೆ ಬಾಗಿಲು ನೋಡುವುದು ಬಿಟ್ಟು ಬೇರೆ ಪತ್ತೇದಾರಿಕೆ ಗೊತ್ತಿಲ್ಲ, ಇಷ್ಟು ದಿನ ಬೇಕಾಗಿಯೂ ಇರಲಿಲ್ಲ. ಅದೃಷ್ಟಕ್ಕೆ ನಮ್ಮ ಇನ್ಸ್‌ಪೆಕ್ಟರ್ ಕಮಲಾಕ್ಷಿ ಮೇಡಂ ಹೋದ ವರ್ಷವಷ್ಟೇ ಚಪ್ಪಲಿ ನಡೆಯದ ಊರೊಂದರಿಂದ ವರ್ಗವಾಗಿ ಬಂದವರು. ಅಲ್ಲಿ ಪೊಲೀಸರು ಯೋಚನೆ ಮಾಡುತ್ತಾರಂತೆ.

“ರೈಟ್ರೇ, ಈ ಕಾರ್ಡು ನೋಡಿ. ‘ಉಡುಗೊರೆ ತರಬಾರದು’. ಸಾಯಿಸ್ತೀವಿ ಅಂತ ಬರೆಯೋರಿಗೆ ಈ ಸಾಲು ಯಾಕೆ ಬೇಕು?”

“ಅಭ್ಯಾಸಬಲ ಮೇಡಂ.”

“ಯಾರಿಗಿರುತ್ತೆ ಆ ಅಭ್ಯಾಸ?”

“ವರ್ಷಕ್ಕೆ ನಾಕು ಸಲ ಕಾರ್ಡು ಹೊಡ್ಸೋರಿಗೆ. ಉಡುಗೊರೆ ಬೇಡದೇ ಇರೋರಿಗೆ.”

“ಇನ್ನೊಂದು. ಹಾಲಿಗೆ ನೀರು ಹಾಕ್ದೋನು ಸತ್ತ. ಕಸ ಹಾಕ್ದೋನು ಸತ್ತ. ಕೆರೆಗೆ ಮಣ್ಣು ತುಂಬಿ ಕಲ್ಯಾಣ ಮಂಟಪ ಕಟ್ಟಿದಾರಲ್ಲ, ಅವರಿಗೆ ಕಾರ್ಡು ಬಂತಾ?”

ಬಂದಿರಲಿಲ್ಲ. ಕೆರೆಗೆ ಮಣ್ಣು ತುಂಬಿ ಕಲ್ಯಾಣ ಮಂಟಪ ಕಟ್ಟಿಸಿದವರು ಇಂದುಶೇಖರ್ ಅವರು. ಒಂದಲ್ಲ, ಮೂರು ಮಂಟಪ. ಮೂರರ ಬಾಗಿಲಲ್ಲೂ ‘ನಿಮ್ಮ ಚಪ್ಪಲಿಗಳಿಗೆ ನೀವೇ ಜವಾಬ್ದಾರರು’ ಎಂಬ ಬೋರ್ಡು. ಗುಡ್ಡದ ರಸ್ತೆಯಲ್ಲಿ ಅವರ ಬಂಗಲೆ. ಎದುರು ಬಂಗಲೆ ನಾಲ್ಕು ಶಾಲೆಗಳ ಒಡತಿ ವಿಮಲಾಂಬ ಅವರದು. ಇಬ್ಬರೂ ಊರಿನ ಶಿಸ್ತಿನ ಬಗ್ಗೆ ಭಾಷಣ ಮಾಡುವವರು. ಮೇಡಂ ಎರಡೂ ಬಾಗಿಲಿಗೆ ಕಣ್ಣಿಡಿಸಿದರು. ಯಾವ ಬಾಗಿಲಿನಲ್ಲಿಯೂ ಸತ್ತವರ ಒಂದು ಜೊತೆ ಚಪ್ಪಲಿಯೂ ಕಾಣಲಿಲ್ಲ.

ಇಷ್ಟರವರೆಗೆ ಇದು ನನಗೆ ಇಲಾಖೆಯ ಕೆಲಸವಾಗಿತ್ತು. ನಾಲ್ಕನೆಯ ಕಾರ್ಡು ನನ್ನ ಭಾಮೈದ ಪರಶಿವನಿಗೆ ಬಂತು, ಗಡುವು ಎಂದಿನಂತೆ ಗುರುವಾರ. ಪರಶಿವ ಸೌಂಡ್ಸ್ ಎಂಬ, ಊರಿಗೆ ಇರುವ ಒಂದೇ ಮೈಕ್ ಸೆಟ್ಟಿನ ಮಾಲೀಕ. ಕಾರ್ತಿಕ ಮಾಸವಿರಲಿ, ಕಬಡ್ಡಿಯಿರಲಿ, ಮುಂಜಾನೆ ಐದಕ್ಕೆ ಹಾರ್ನ್ ಸ್ಪೀಕರನ್ನು ಗುಡ್ಡದ ಕಡೆಗೆ ಮುಖ ಮಾಡಿ ಕಟ್ಟುತ್ತಾನೆ; ಅಲ್ಲಿಂದ ಸದ್ದು ಚೆನ್ನಾಗಿ ತಿರುಗಿ ಬರುತ್ತದೆ ಎಂಬುದು ಅವನ ವಿಜ್ಞಾನ. ಕಾರ್ಡು ಬಂದ ದಿನವೇ ಟ್ರಂಕು ಹೊತ್ತು ನಮ್ಮ ಮನೆಗೆ ಬಂದ. ಬರುವ ದಾರಿಯಲ್ಲಿ ಒಂದು ಜೊತೆ ಕಡುಗೆಂಪು ಬೂಟು ಕೊಂಡಿದ್ದ, ತಾನು ಸತ್ತರೆ ಅದು ಯಾರ ಬಾಗಿಲಿಗೆ ಹೋದರೂ ಎಲ್ಲರ ಕಣ್ಣಿಗೂ ಬೀಳಲೆಂದು. ಊಟಕ್ಕೂ ಅದನ್ನು ಬಿಚ್ಚಲಿಲ್ಲ.

“ಭಾವ, ಸ್ವೀಟ್ ಬಂದ್ರೆ ನಂಗೆ ಹೇಳ್ಬೇಡಿ. ತೋರ್ಸೋದಂತೂ ಬೇಡ್ವೇ ಬೇಡ. ನನ್ ಮೇಲೆ ನಂಗೇ ನಂಬ್ಕೆ ಇಲ್ಲ.”

“ಬದುಕ್ಬೇಕು ಅಂತ ಆಸೆ ಇದ್ರೆ ಬಾಯಿ ಕಟ್ಕೊಂಡಿರು.”

“ಆಸೆ ಇದೆ ಭಾವ. ಆದ್ರೆ ಬಾದಾಮಿ ಹಲ್ವಾ ಅಂತೆ.”

ನನ್ನ ಹೆಂಡತಿ ಸರ್ವಮಂಗಳ ಅಡಿಗೆಮನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಹೇಳಿದ್ದು ಇಷ್ಟು: “ರೀ, ಗುರುವಾರದೊಳಗೆ ಹಿಡೀತೀರೋ ಇಲ್ವೋ?”

“ಹಿಡೀತೀವಿ ಅಂತ ಮೇಡಂ ಹೇಳಿದಾರೆ.”

“ಮೇಡಂ ತಮ್ಮ ಅಲ್ಲ ಅವ್ನು, ನನ್ ತಮ್ಮ. ಅವ್ನ ಕೆಂಪು ಬೂಟು ಈ ಮನೆ ಬಿಟ್ಟು ಹೋದ ದಿನ, ನಿಮ್ ಚಪ್ಲೀನೂ ಹೋಗ್ಲಿ. ಸ್ಟೇಷನ್ನಲ್ಲೇ ಇರಿ.”

ಆಗ ಶನಿವಾರ. ಭಾನುವಾರ ನಾನು ಮಫ್ತಿಯಲ್ಲಿ, ಅಂದರೆ ಒಂದು ಪಂಚೆಯಲ್ಲಿ, ಗುಡ್ಡದ ರಸ್ತೆಯ ತರಕಾರಿ ಗಾಡಿಯ ಹತ್ತಿರ ನಿಂತು ಒಂದು ಸೋರೆಕಾಯಿಯನ್ನು ಮುಕ್ಕಾಲು ಗಂಟೆ ಪರೀಕ್ಷಿಸಿದೆ. ವಿಮಲಾಂಬ ಅವರ ಮನೆಕೆಲಸದ ಸಾಕಮ್ಮ, ಇಂದುಶೇಖರ್ ಅವರ ಡ್ರೈವರ್ ದೇವರಾಜು ಇಬ್ಬರೂ ಬೀನ್ಸ್ ಆರಿಸುತ್ತಿದ್ದರು. ನನ್ನ ವೃತ್ತಿಯಲ್ಲಿ ಕಣ್ಣಿಗಿಂತ ಕಿವಿ ಮುಖ್ಯ.

“ನಿಮ್ಮನೆ ನಾಯೀನ ಕಟ್ಟಾಕಪ್ಪ ದೇವ್ರಾಜು” ಎಂದಳು ಸಾಕಮ್ಮ. “ಎಲ್ಲಿಂದ್ಲೋ ಒಂಟಿ ಚಪ್ಲಿ ಕಚ್ಕೊಂಬಂದು ನಮ್ಮಮ್ಮಾವ್ರ ಬಾಗ್ಲಲ್ಲಿ ಹಾಕ್ತದೆ. ಎತ್ತಿ ಎಸುದ್ರೆ ಮತ್ತೆ ತಂದಾಕ್ತದೆ.”

“ನಮ್ ನಾಯಿ ಸತ್ತು ಆರು ತಿಂಗ್ಳಾಯ್ತು. ನಿಮ್ ಬೆಕ್ಕೇ ತರೋದು. ನಮ್ ಬಾಗ್ಲಲ್ಲೂ ಒಂಟಿ ಚಪ್ಲಿ ಬಿದ್ದಿರ್ತವೆ. ಯಜಮಾನ್ರು ಎತ್ತಿ ಹೂವಿನ ಕುಂಡದ ಹಿಂದೆ ಇಡು ಅಂತಾರೆ.”

“ಬೆಕ್ಕು ಚಪ್ಲಿ ತರ್ತದಾ? ಒಂದು ಹೊಸ್ದಪ್ಪ, ಚೆನ್ನಾಗಿದೆ. ನಮ್ಮೆಜಮಾನ್ರಿಗಾಯ್ತದೆ ಅಂದ್ಕೊಂಡ್ರೆ ಬರೀ ಬಲಗಾಲಿಂದು. ನಿಂದು ಯಾವ್ದು?”

“ಎಡಗಾಲಿಂದು. ಮೂರೂ ಎಡಗಾಲಿಂದೇ.”

“ಮತ್ತೆ ಕೊಡಪ್ಪ ಇತ್ಲಾಗೆ, ಜೊತೆ ಆಯ್ತದೆ.”

ಸೋರೆಕಾಯಿ ನನ್ನ ಕೈಯಿಂದ ಜಾರಿ ಬಿತ್ತು. ಕೊಲೆಯನ್ನು ಇಬ್ಬರು ಸರಿಯಾಗಿ ಅರ್ಧರ್ಧ ಮಾಡಿದರೆ ಚಪ್ಪಲಿಯೂ ಅರ್ಧರ್ಧವಾಗುತ್ತದೆ ಎಂಬುದನ್ನು ಈ ಊರಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಹಲ್ವಾ ಒಬ್ಬರ ಮನೆಯದು, ಅದರೊಳಗಿನದು ಇನ್ನೊಬ್ಬರ ಮನೆಯದು. ನಾವು ಮೂರ್ಖರು ಜೊತೆ ಹುಡುಕುತ್ತಿದ್ದೆವು.

ಸೋಮವಾರ ಎರಡೂ ಬಂಗಲೆಗಳಲ್ಲಿ ಪಂಚನಾಮೆಯಾಯಿತು. ಅಲ್ಲಿ ಮೂರು ಎಡ, ಇಲ್ಲಿ ಮೂರು ಬಲ. ಇಂದುಶೇಖರ್ ನಮಗೆ ಏಲಕ್ಕಿ ಹಾಕಿದ ಚಹಾ ಕೊಡಿಸಿದರು. ನಾವು ಯಾರೂ ಕುಡಿಯಲಿಲ್ಲ. “ರೈಟ್ರೇ, ನಿಯಮ ಓದಿದೀರಾ?” ಎಂದು ನಕ್ಕರು. ನಾನು ಓದಿರಲಿಲ್ಲ. ಸರ್ಕಾರಿ ವಕೀಲರು ಓದಿದ್ದರು, ಓದಿ ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದರು: ‘ಮೃತನ ಪಾದರಕ್ಷೆಗಳ ಒಂದು ಜೊತೆಯು ಯಾವನ ಬಾಗಿಲಿನಲ್ಲಿ ಕಂಡುಬರುವುದೋ ಅವನನ್ನು ಕೊಲೆಗಾರನೆಂದು ಭಾವಿಸತಕ್ಕದ್ದು.’

“ಒಂದು ಜೊತೆ” ಎಂದರು ವಕೀಲರು. “ಒಬ್ಬನ ಬಾಗಿಲಲ್ಲಿ. ನಿಮ್ಮ ಹತ್ರ ಎಡಗಾಲಿನದು ಇದೆ. ಬಲಗಾಲಿನದು ಎಲ್ಲಿ ಅಂತ ಅವರ ಲಾಯರು ಕೇಳ್ತಾರೆ.”

“ಎದುರು ಮನೇಲಿ” ಎಂದರು ಮೇಡಂ.

“ಎದುರು ಮನೆ ಅಂತ ಇದರಲ್ಲಿ ಬರೆದಿಲ್ಲವಲ್ಲ.”

‘ಜೊತೆ’ ಎಂಬ ಆ ಒಂದು ಪದದಿಂದ ಇಬ್ಬರು ದೊಡ್ಡ ಮನುಷ್ಯರು ಊರನ್ನು ಶುದ್ಧಿ ಮಾಡುತ್ತಿದ್ದರು, ಮತ್ತು ಗುರುವಾರಕ್ಕೆ ಮೂರು ದಿನ ಉಳಿದಿತ್ತು. ಮಧ್ಯಾಹ್ನ ಮನೆಗೆ ಊಟಕ್ಕೆ ಹೋದರೆ ಜಗಲಿಯ ಮೇಲೆ ಒಂದು ಡಬ್ಬಿ, ‘ನಿಮ್ಮ ಮೈಕಿನ ಸೌಂಡ್ ಕ್ವಾಲಿಟಿ ಅದ್ಭುತ’ ಎಂಬ ಚೀಟಿಯೊಂದಿಗೆ. ಪರಶಿವ ಅದನ್ನು ತೆರೆದಿರಲಿಲ್ಲ. ಆದರೆ ಚೀಟಿಯನ್ನು ಹರಿಯದೆ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಸರ್ವಮಂಗಳ ಡಬ್ಬಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

ಠಾಣೆಗೆ ವಾಪಸು ಬಂದಾಗ ಟೈಲರನ ಹೆಂಡತಿ ಕೆಂಪಮ್ಮ ಬೆಂಚಿನ ಮೇಲೆ ಕೂತಿದ್ದಳು.

“ಸ್ವಾಮಿ, ನಮ್ಮೆಜಮಾನ್ರ ಚಪ್ಲಿ ಸಿಕ್ತಂತೆ. ಹೊಸ್ದು ಅದು. ಸಂಕ್ರಾಂತಿಗೆ ತಗೊಂಡಿದ್ರು. ಅವ್ರಂತೂ ಬರಲ್ಲ, ಚಪ್ಲಿನಾದ್ರೂ ಕೊಟ್ಬಿಡಿ.”

“ಕೇಸಲ್ಲಿ ಇದೆಯಮ್ಮ.”

“ಕೇಸು ನಿಲ್ಲಲ್ಲ ಅಂತ ಹೊರಗೆಲ್ಲ ಮಾತಾಡ್ತಾವ್ರೆ. ನಿಲ್ದೇ ಇದ್ರೆ, ನನ್ ಗಂಡನ್ ಚಪ್ಲಿ ಅವ್ರ ಮನೇಲಿ ಯಾಕಿತ್ತು? ನಾವು ಕೊಟ್ಟಿರ್ಲಿಲ್ವಲ್ಲ.”

ನಾನು ಪೆನ್ನು ಎತ್ತಿಕೊಂಡೆ. ಇಪ್ಪತ್ತಾರು ವರ್ಷಗಳಲ್ಲಿ ನನಗೆ ಯಾರೂ ಇಷ್ಟು ಒಳ್ಳೆಯ ವಾಕ್ಯ ಹೇಳಿ ಬರೆಸಿರಲಿಲ್ಲ. ‘ನಾವು ಕೊಟ್ಟಿರುವುದಿಲ್ಲ’ ಎಂದು ಬರೆದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಪಾದರಕ್ಷೆ ಕಳವಿಗೆ ಜೊತೆ ಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಒಂಟಿ ಸಾಕು.

“ಇದಕ್ಕೆ ಏನು ಶಿಕ್ಷೆ ರೈಟ್ರೇ?” ಎಂದರು ಮೇಡಂ.

“ಹೆಚ್ಚೇನಿಲ್ಲ ಮೇಡಂ. ದಂಡ ಕಟ್ಟಿ ಹೋಗಬಹುದು. ಆದ್ರೆ ವಿಚಾರಣೆಗೆ ಬರೋದು ಶುಕ್ರವಾರ. ಗುರುವಾರ ಇಬ್ರೂ ನಮ್ ಲಾಕಪ್ಪಿನಲ್ಲಿ ಇರ್ತಾರೆ. ನಂಗೆ ಗುರುವಾರ ದಾಟಿದ್ರೆ ಸಾಕು.”

ಮಂಗಳವಾರ ಬಂಧನವಾಯಿತು. ಮಧ್ಯಾಹ್ನದ ಪತ್ರಿಕೆಯಲ್ಲಿ ಬಂದದ್ದು ಎರಡೇ ಪದ, ಆದರೆ ಅಡ್ಡಡ್ಡಕ್ಕೆ ಇಡೀ ಪುಟ: ‘ಚಪ್ಪಲಿ ಕಳ್ಳರು’. ಹೋಟೆಲಿನ ಪುಣ್ಯಾತ್ಮವಾದಿಗಳು ತಕ್ಷಣ ಪಕ್ಷ ಬದಲಿಸಿದರು. ಕೊಲೆ ಮಾಡಿದ್ದಾರೆಂಬ ಗುಮಾನಿ ಇದ್ದಾಗ ಬಂಗಲೆಯ ಮುಂದೆ ನಿಂತು ಕೈಮುಗಿದವರೇ ಈಗ, “ಥೂ, ಅಷ್ಟು ಇದ್ದೂ ಟೈಲರ್ ಚಪ್ಲಿ ಕದೀಬೇಕಾ” ಎಂದರು. ಮೂರು ಮಂಟಪಗಳಲ್ಲಿ ನಿಶ್ಚಯವಾಗಿದ್ದ ಮದುವೆಗಳು ಶಾಮಿಯಾನಕ್ಕೆ ಹೋದವು. ಆ ಬೋರ್ಡಿನ ಕೆಳಗೆ ಯಾರೋ ಇದ್ದಿಲಿನಲ್ಲಿ ‘ಈಗ ಅರ್ಥವಾಯಿತು’ ಎಂದು ಬರೆದರು.

ಆದರೆ ದೊಡ್ಡವರ ಲಾಯರು ದೊಡ್ಡವರೇ. ವಿಚಾರಣೆಯನ್ನು ಬುಧವಾರಕ್ಕೆ ಹಾಕಿಸಿಕೊಂಡು ಬಂದರು. ಅವರ ಲೆಕ್ಕ ಸರಳ: ತಪ್ಪು ಒಪ್ಪಿಕೊಳ್ಳುವುದು, ದಂಡ ಕಟ್ಟುವುದು, ಸಂಜೆ ನಾಲ್ಕಕ್ಕೆ ಮನೆ. ಗುರುವಾರಕ್ಕೆ ಪೂರ್ತಿ ಒಂದು ದಿನ ಕೈಯಲ್ಲಿ. ಲಾಕಪ್ಪಿನ ಸರಳಿನ ಹಿಂದಿನಿಂದ ವಿಮಲಾಂಬ ನನ್ನನ್ನು ನೋಡಿ, “ನಿಮ್ಮ ಭಾಮೈದ ಸ್ವೀಟ್ ತಿನ್ನಲಿಲ್ಲವಂತೆ. ಖಾರ ತಿಂತಾರಾ?” ಎಂದು ವಿಚಾರಿಸಿದರು. ಆ ದಿನ ಮನೆಗೆ ಹೋದವನೇ ನಾನು ಚಕ್ಕುಲಿಯ ಡಬ್ಬಿಯನ್ನೂ ಅಡಿಗೆಮನೆಯ ಬೀಗದೊಳಗೆ ಇಡಿಸಿದೆ.

ಕೋರ್ಟಿನ ಮುಂದೆ ಬುಧವಾರ ಸೇರಿದ ಜನವನ್ನು ನಾನು ಯಾವ ಕೊಲೆ ಕೇಸಿನಲ್ಲೂ ಕಂಡಿಲ್ಲ. ಒಳಗೆ ಜಾಗವಿಲ್ಲದೆ ಕಿಟಕಿಗಳು ಮುರಿಯುವ ಸ್ಥಿತಿ ಬಂದಾಗ ನ್ಯಾಯಾಧೀಶರು, ಹೊರಗೆ ಕೇಳುವಂತೆ ಧ್ವನಿವರ್ಧಕ ಹಾಕಿಸಿ ಎಂದು ಅಪ್ಪಣೆ ಮಾಡಿದರು. ಊರಿಗಿರುವುದು ಒಂದೇ ಮೈಕ್ ಸೆಟ್ಟು. ಪರಶಿವ ಕೆಂಪು ಬೂಟಿನಲ್ಲಿ ಬಂದು, ತನ್ನನ್ನು ಕೊಲ್ಲಲಿರುವ ಇಬ್ಬರ ನಡುವೆ ಮೈಕು ನಿಲ್ಲಿಸಿ, “ಹಲೋ, ಹಲೋ, ಚೆಕ್” ಎಂದು ಮೂರು ಸಲ ಹೇಳಿ, ಇಂದುಶೇಖರ್ ಅವರಿಗೆ “ಸ್ವಲ್ಪ ಹತ್ರ ಮಾತಾಡಿ ಸಾರ್” ಎಂದು ಸೂಚನೆ ಕೊಟ್ಟು, ಹಾರ್ನ್ ಸ್ಪೀಕರನ್ನು ಎಂದಿನಂತೆ ಗುಡ್ಡದ ಕಡೆಗೆ ತಿರುಗಿಸಿದ.

ನ್ಯಾಯಾಧೀಶರು ಕೇಳಿದರು: “ಪುಟ್ಟಮಾದಪ್ಪನವರ ಎಡಗಾಲಿನ ಚಪ್ಪಲಿಯನ್ನು ನೀವು ಕದ್ದದ್ದು ನಿಜವೆ?”

ಲಾಯರು ತಲೆಯಾಡಿಸಿ ಸನ್ನೆ ಮಾಡಿದರು. ಹೌದು ಎನ್ನುವುದಷ್ಟೇ ಬಾಕಿ. ನಾನು ಕೆಂಪು ಬೂಟುಗಳನ್ನೇ ನೋಡುತ್ತಿದ್ದೆ. ಇಂದುಶೇಖರ್ ಬಾಯಿ ತೆರೆದರು. ಆಗಲೇ ಕಿಟಕಿಯಾಚೆ ಅವರ ಮ್ಯಾನೇಜರು, ಮಂಟಪದ ಅಡಿಗೆಯವರು, ಬೀಗರು ಕತ್ತು ಚಾಚಿ ನಿಂತಿರುವುದು ಕಣ್ಣಿಗೆ ಬಿತ್ತು.

“ನಾನು ಚಪ್ಪಲಿ ಕಳ್ಳ ಅಲ್ಲ” ಎಂದರು. ಗುಡ್ಡ ಅದನ್ನು ಇನ್ನೊಮ್ಮೆ ಹೇಳಿತು.

“ಹಾಗಾದರೆ ಅದು ನಿಮ್ಮ ಮನೆಗೆ ಹೇಗೆ ಬಂತು?”

“ಬಂತು.”

“ನೀವು ತಂದಿರಾ?”

“ನಾನ್ಯಾಕೆ ತರ್ಲಿ ಸ್ವಾಮಿ? ನನ್ನ ಹತ್ರ ಹದಿನೆಂಟು ಜೊತೆ ಇದೆ.”

“ಯಾರಾದರೂ ತಂದಿಟ್ಟರಾ?”

“ಇಲ್ಲ.”

“ಮತ್ತೆ? ತಾನಾಗಿಯೇ ಬಂತೆ?”

“ಶೇಖರ್, ಸುಮ್ನಿರಿ” ಎಂದರು ವಿಮಲಾಂಬ. ಮೈಕು ಅವರ ಹತ್ತಿರವೂ ಇತ್ತು.

“ಸುಮ್ನಿರೋದು ಹೇಗೆ ವಿಮಲಾ? ಹೊರಗೆ ಬೀಗರು ನಿಂತಿದಾರೆ. ನಾಳೆ ನನ್ನ ಮಗಳನ್ನ ಯಾವ ಮುಖ ಇಟ್ಕೊಂಡು ಅವರ ಮನೆಗೆ ಕಳಿಸ್ಲಿ?” ಅವರು ನ್ಯಾಯಾಧೀಶರ ಕಡೆ ತಿರುಗಿ ನೆಟ್ಟಗೆ ನಿಂತರು. “ತಾನಾಗೇ ಬಂತು ಸ್ವಾಮಿ. ಬರೆದುಕೊಳ್ಳಿ. ಮೂರೂ ತಾನಾಗೇ ಬಂದವು. ಮೂರಕ್ಕೂ ಹಲ್ವಾ, ಪಾಕು ಎಲ್ಲ ನಮ್ಮ ಮನೇಲೇ ಮಾಡಿಸಿದ್ದು. ಅದಕ್ಕೆ ಹಾಕಿದ್ದು ಮಾತ್ರ ವಿಮಲಾ ಅವರ ಶಾಲೆಯ ಲ್ಯಾಬಿಂದು. ಅವರೂ ಗೌರವಸ್ಥರು. ನಾವು ಯಾರ ಚಪ್ಪಲೀನೂ ಮುಟ್ಟಿಲ್ಲ.”

ಹೊರಗೆ ಜನ ಒಂದು ದೊಡ್ಡ ಉಸಿರು ಬಿಟ್ಟರು. ಅದು ಸಮಾಧಾನದ ಉಸಿರು ಎಂದೇ ನನ್ನ ಕಿವಿಗೆ ಕೇಳಿಸಿತು. ಬೀಗರು ಕಿಟಕಿಯಿಂದ ಇಂದುಶೇಖರ್ ಅವರಿಗೆ ಕೈಮುಗಿದರು.

ಇಬ್ಬರಿಗೂ ಜೀವಾವಧಿಯಾಯಿತು. ಚಪ್ಪಲಿ ಕಳವಿನ ಆರೋಪದಿಂದ ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಗಿದೆ ಎಂಬ ಸಾಲನ್ನು ತೀರ್ಪಿನಲ್ಲಿ ಪ್ರತ್ಯೇಕವಾಗಿ ಸೇರಿಸಬೇಕೆಂದು ಇಂದುಶೇಖರ್ ಕೇಳಿಕೊಂಡರು; ಸೇರಿಸಲಾಯಿತು. ಅವರ ಮಗಳ ಮದುವೆ ನಿಶ್ಚಯಿಸಿದ ದಿನವೇ ಆಯಿತು, ಊಟ ಚೆನ್ನಾಗಿತ್ತಂತೆ. ಕೆಂಪಮ್ಮ ಎಡ ಬಲ ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಹಾಲಿಗೆ ಈಗ ಸಿದ್ದಯ್ಯನ ಮಗ ನೀರು ಹಾಕುತ್ತಾನೆ.

ಇನ್ನು ಹಲಗೆಯ ವಿಷಯ. ತೀರ್ಪು ಬಂದ ಮರುದಿನದಿಂದ ಬೆಳಿಗ್ಗೆ ಠಾಣೆಯ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಂಟಿ ಚಪ್ಪಲಿಗಳು ಇರುತ್ತವೆ. ನಡೆದು ಬಂದವಲ್ಲ, ಯಾರೋ ಕಾಗದದಲ್ಲಿ ಸುತ್ತಿ ತಂದಿಟ್ಟವು. ಎಸೆದು ಎಸೆದು ಸಾಕಾದವರು, ನಮ್ಮಲ್ಲಿ ತಂದರೆ ಸುಮ್ಮನಾಗುತ್ತದೆಂದು ಗೊತ್ತಿರುವವರು. ಹೆಸರಿಲ್ಲ, ವಿಳಾಸವಿಲ್ಲ. ಹತ್ತು ಹದಿನೈದು ವರ್ಷದ ಹಳೆಯವು; ಅರ್ಧರ್ಧ ಹಂಚಿಕೊಂಡ ಕೊಲೆ ಈ ಊರಿನಲ್ಲಿ ಇದೇ ಮೊದಲಲ್ಲ. ಇಲ್ಲಿಯವರೆಗೆ ಹದಿನೇಳು ಬಂದು ಮೂರನೆಯ ಹಲಗೆಯ ಮೇಲೆ ಕೂತಿವೆ, ಹೆಚ್ಚಿನವು ಹೆಂಗಸರವು, ಹೊಸದಾಗಿ ಮದುವೆಯಾದವರು ಮೆಟ್ಟುವಂಥ ಸಣ್ಣ ಅಳತೆಯವು. ಮೇಡಂ ಒಂದೊಂದನ್ನೂ ತಿರುಗಿಸಿ ನೋಡಿ, ಬಲಗಾಲಿನದು ಎಲ್ಲಿ ಎಂದು ಕೇಳುತ್ತಾರೆ. ನಾನು ಬರೆದಿಡುತ್ತೇನೆ.

ಗುರುವಾರ ದಾಟಿತು. ಪರಶಿವ ಬದುಕಿದ್ದಾನೆ. ಟ್ರಂಕು ಇನ್ನೂ ನಮ್ಮ ಮನೆಯಲ್ಲೇ ಇದೆ.